ನಿರೂಪಕಿ ಬೇಕಿದ್ದರೆ ಅಡುಗೆ ಹೇಳಿಸಿ ನೋಡಿ, ಅಳಿಸಿ ನೋಡಬೇಡಿ

ಇವರಿಗೆ,
ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು ಹಾಗೂ ಅಡುಗೆ ಸ್ಪರ್ಧೆಯ ನಿರ್ಮಾಪಕರು.
(ವಾಹಿನಿಯ ಹೆಸರನ್ನು ಬೇಕಂತಲೇ ಬರೆದಿಲ್ಲ. ಪತ್ರ ಯಾರಿಗೆ ಅಂತ ಓದುತ್ತಿದ್ದ ಹಾಗೆ ನಿಮಗೇ ಗೊತ್ತಾಗುತ್ತದೆ.)

ವಿಷಯ: ಅಡುಗೆ ಕಾರ್ಯಕ್ರಮಕ್ಕೆ ಹೊಸ ನಿರೂಪಕರನ್ನು ಹುಡುಕುವ ನಿಮ್ಮ ಸ್ಪರ್ಧೆ, ಅದರ ಉತ್ತರ ಕನ್ನಡ ಜಿಲ್ಲೆಯ ಆಯ್ಕೆ ಮತ್ತು ಆಮೇಲೆ ನಡೆದದ್ದರ ಬಗ್ಗೆ ದೂರು.

ಮಾನ್ಯರೇ,

ನಾನು ಅಂಕೋಲೆಯವಳು. ಯಜಮಾನರ ಜೊತೆ ಸೇರಿ ಒಂದು ಚಿಕ್ಕ ಖಾನಾವಳಿ ನಡೆಸುತ್ತೇನೆ. ಮಧ್ಯಾಹ್ನ ಮೀನೂಟ, ಸಂಜೆ ಬನ್ಸ್ ಮತ್ತು ಭಜಿ. ಕಳೆದ ಮಳೆಗಾಲದಲ್ಲಿ ನೀವು ಶಿರಸಿಯಲ್ಲಿ ನಡೆಸಿದ ಆಯ್ಕೆಗೆ ನಾನೂ ಬಂದಿದ್ದೆ. ಅಲ್ಲಿ ಪಾಸಾಗಿ ಬೆಂಗಳೂರಿನ ಸ್ಟುಡಿಯೋ ಸುತ್ತಿಗೂ ಬಂದೆ. ಅಲ್ಲಿಂದ ವಾಪಸ್ ಕಳಿಸಿದಿರಿ. ಸೋತ ಸಿಟ್ಟಿಗೆ ಬರೆಯುತ್ತಿದ್ದಾಳೆ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಲಿ. ಆದರೆ ಕೆಳಗೆ ಬರೆದದ್ದರಲ್ಲಿ ಸುಳ್ಳು ಯಾವುದು ಅಂತ ತೋರಿಸಿಕೊಡಿ.

ನಿಮ್ಮ ಜಾಹೀರಾತು ನನಗೆ ಹಿಡಿಸಿತ್ತು. ಅಡುಗೆ ಬಲ್ಲವರು, ಮಾತು ಬಲ್ಲವರು ಬನ್ನಿ. ಗೆದ್ದವರಿಗೆ ದಿನಾ ಮಧ್ಯಾಹ್ನ ಬರುವ ಹೊಸ ಅಡುಗೆ ಕಾರ್ಯಕ್ರಮದ ನಿರೂಪಣೆ. ವಯಸ್ಸಿನ ಮಿತಿ ಇಲ್ಲ. ಇಡೀ ಜಿಲ್ಲೆಗೆ ಅವಕಾಶ. ಮನೆಯಲ್ಲಿ ಮಾಡಿದ ಒಂದು ಪದಾರ್ಥ ತನ್ನಿ ಅಂತ ಇತ್ತು. ಬಹುಮಾನ ಅಂತ ಫ್ರಿಜ್ಜೋ ಕಾರೋ ಕೊಡುವ ಬದಲು ಕೆಲಸ ಕೊಡುತ್ತೀರಿ ಅನ್ನುವುದೇ ಖುಷಿಯ ವಿಷಯ. ನಮ್ಮ ಕಡೆ ಅಡುಗೆ ಬಲ್ಲ ಹೆಂಗಸರಿಗೆ ಬರಗಾಲ ಇಲ್ಲ. ಮಾತಿಗಂತೂ ಇಲ್ಲವೇ ಇಲ್ಲ. ತಾಳಮದ್ದಲೆಯ ಜಿಲ್ಲೆ ಇದು. ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲೇ ಮಾತಿನಲ್ಲಿ ರಾವಣನನ್ನು ಎದುರಿಗೆ ತಂದು ನಿಲ್ಲಿಸುವವರನ್ನು ಬೆಳಗಿನ ಜಾವದವರೆಗೂ ಕೂತು ಕೇಳಿದ ಜನ ನಾವು. ಮಾತು ಯಾವುದು, ಬಾಯಿಬಡುಕತನ ಯಾವುದು ಅಂತ ನಮ್ಮೂರಿನ ಅಜ್ಜಿಯರಿಗೂ ಗೊತ್ತಾಗುತ್ತದೆ.

ಮೊದಲ ತಕರಾರು ಜಾಗದ್ದು. ನೀವು ಗೊತ್ತು ಮಾಡಿದ ಕಲ್ಯಾಣ ಮಂಟಪದ ಒಳಗೆ ಮೀನು, ಮಾಂಸ ತರುವ ಹಾಗಿರಲಿಲ್ಲ. ಅದು ಆ ಮಂಟಪದವರ ನಿಯಮ, ಅವರ ತಪ್ಪಿಲ್ಲ. ಬಾಡಿಗೆಗೆ ಹಿಡಿಯುವ ಮೊದಲು ಕೇಳಬೇಕಾದವರು ನೀವು. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಉದ್ದಕ್ಕೂ ಇರುವ ಜನರನ್ನು ಘಟ್ಟ ಹತ್ತಿಸಿ ಕರೆದಿರಿ. ಅವರು ಮನೆಯಿಂದ ಮಾಡಿ ತಂದದ್ದು ಏನಿರುತ್ತದೆ ಅಂದುಕೊಂಡಿದ್ದಿರಿ? ದೇವಿಮನೆ ಘಟ್ಟದ ತಿರುವುಗಳಲ್ಲಿ ಟಿಫಿನ್ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಬಂದವರನ್ನೆಲ್ಲ ಗೇಟಿನ ಹೊರಗೆ ಒಂದು ತಾಡಪತ್ರಿ ಕೆಳಗೆ ಕೂರಿಸಿದಿರಿ. ಶಿರಸಿಯ ಮಳೆ ನಿಮಗೆ ಗೊತ್ತಿಲ್ಲದೆ ಇರಬಹುದು. ತಾಡಪತ್ರಿಯ ಹೊಟ್ಟೆಯಲ್ಲಿ ನೀರು ತುಂಬಿ ನಿಂತು, ನಿಮ್ಮ ಕಡೆಯ ಹುಡುಗ ಆಗಾಗ ಕೋಲಿನಿಂದ ಎತ್ತಿ ಚೆಲ್ಲುತ್ತಿದ್ದ. ಅರ್ಧ ನೀರು ಭಟ್ಕಳದ ಒಬ್ಬರ ಬಿರಿಯಾನಿ ಪಾತ್ರೆಯ ಮೇಲೆ ಬಿತ್ತು. ತೀರ್ಪುಗಾರರು ನಮ್ಮ ಕಡೆ ಬರುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತೂ ಕಳೆದಿತ್ತು. ತಣ್ಣಗಾದ ಬಂಗಡೆ ಸಾರನ್ನು ಅರ್ಧ ಚಮಚ ಬಾಯಿಗಿಟ್ಟು ‘ಸ್ವಲ್ಪ ವಾಸನೆ’ ಅಂದರು ಒಬ್ಬರು. ತಣ್ಣಗಾದ ಮೀನು ಮತ್ತಿನ್ನೇನು ಮಾಡಬೇಕು?

ಇದನ್ನು ಇಲ್ಲಿಗೇ ಬಿಡುತ್ತೇನೆ. ಇದು ವ್ಯವಸ್ಥೆಯ ಮಾತು, ಸರಿ ಮಾಡಿಕೊಳ್ಳಬಹುದು. ನನ್ನ ನಿಜವಾದ ದೂರು ನೀವು ನಿರೂಪಕಿಯನ್ನು ಹೇಗೆ ಆರಿಸುತ್ತೀರಿ ಅನ್ನುವುದರ ಮೇಲೆ.

ಆ ದಿನ ನಾನು ಕಂಡವರಲ್ಲಿ ಆ ಕೆಲಸಕ್ಕೆ ಹೇಳಿ ಮಾಡಿಸಿದಂತೆ ಇದ್ದವರು ಸಿದ್ದಾಪುರದ ಕಡೆಯ ಹವ್ಯಕರ ಅಮ್ಮ ಒಬ್ಬರು. ವಯಸ್ಸು ಅರವತ್ತರ ಮೇಲಿರಬಹುದು. ತೊಡದೇವು ಅಂತ ಕಾಗದದ ಹಾಗೆ ತೆಳ್ಳಗಿರುವ ಸಿಹಿ ತಂದಿದ್ದರು. ಕ್ಯಾಮೆರಾ ಮುಂದೆ ನಿಂತು ಅದನ್ನು ಮಾಡುವುದು ಹೇಗೆ ಅಂತ ಹೇಳಿದರು. ಕೈಯಲ್ಲಿ ಏನೂ ಇಲ್ಲ, ಒಲೆ ಇಲ್ಲ, ಗಡಿಗೆ ಇಲ್ಲ. ಅಕ್ಕಿ ನೆನೆಸಿ ನುಣ್ಣಗೆ ಬೀಸಬೇಕು. ಆಲೆಮನೆ ಕಾಲವಾದರೆ ಕಬ್ಬಿನ ಹಾಲು, ಇಲ್ಲದಿದ್ದರೆ ಬೆಲ್ಲದ ನೀರು. ಹಿಟ್ಟು ಎಷ್ಟು ತೆಳ್ಳಗೆ ಅಂದರೆ ಬೆರಳು ಅದ್ದಿ ತೆಗೆದಾಗ ಉಗುರು ಕಾಣಬೇಕು. ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಎಣ್ಣೆ ಸವರಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಗಡಿಗೆಯ ಮೇಲೆ ಎಳೆಯಬೇಕು. ಎರಡನೇ ಸಲ ಎಳೆದರೆ ದಪ್ಪ ಆಗುತ್ತದೆ. ಅಂಚು ತಾನಾಗೇ ಏಳುವ ತನಕ ಮುಟ್ಟಬಾರದು. ಎದ್ದ ಕೂಡಲೇ ಮಡಚಬೇಕು, ತಡ ಮಾಡಿದರೆ ಮುರಿಯುತ್ತದೆ. ಇಷ್ಟು ಹೇಳಿ ಕೊನೆಗೆ ನಗುತ್ತಾ ಅವರು ಸೇರಿಸಿದ್ದು ಇದು: “ಮೊದಲ್ನೇದು ಯಾವಾಗ್ಲೂ ಹಾಳಾಗ್ತು, ಹೆದ್ರಡಿ.” (ಹೆದರಬೇಡಿ ಅಂತ.)

ಅಷ್ಟು ಹೊತ್ತೂ ಅವರ ಬಲಗೈ ಗಾಳಿಯಲ್ಲಿ ಗಡಿಗೆಯ ಮೇಲೆ ಓಡಾಡುತ್ತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಬಿಸಿ ಗಡಿಗೆಯೇ ಕಂಡ ಹಾಗಾಯಿತು. ನಾನು ಈವರೆಗೆ ತೊಡದೇವು ತಿಂದಿದ್ದೇನೆಯೇ ಹೊರತು ಮಾಡಿದವಳಲ್ಲ. ಈಗ ಮಾಡಿ ನೋಡುವ ಧೈರ್ಯ ಬಂದಿದೆ.

ನಿಮ್ಮ ತೀರ್ಪುಗಾರರು ಹೇಳಿದ್ದು: “ಸೂಪರ್ ಆಂಟಿ. ಆದರೆ ಇದೆಲ್ಲಾ ಜಾಸ್ತಿ ಆಯ್ತು. ನಿಮ್ಮ ಲೈಫ್ ಸ್ಟೋರಿ ಹೇಳಿ.” ಅವರು ಪಾಪ, ನನ್ನ ಕಥೆ ಎಂತದ್ದು, ಮಕ್ಕಳು ಚೆನ್ನಾಗಿದ್ದಾರೆ, ಅಡಿಕೆಗೆ ಕೊಳೆ ಬಾರದಿದ್ದರೆ ಸಾಕು ಅಂದರು. ಅಲ್ಲಿಗೆ ಮುಗಿಯಿತು. ಅವರನ್ನು ಆರಿಸಲಿಲ್ಲ. ಕಾರಣ ಕೇಳಿದವರಿಗೆ ನಿಮ್ಮ ಕಡೆಯವರು ‘ಫ್ರೆಶ್ ಫೇಸ್ ನೋಡ್ತಾ ಇದ್ದೀವಿ’ ಅಂದರು. ವಯಸ್ಸಿನ ಮಿತಿ ಇಲ್ಲ ಅಂತ ಜಾಹೀರಾತಿನಲ್ಲಿ ಹಾಕಿದ್ದು ಯಾಕೆ ಹಾಗಾದರೆ?

ಕಥೆಯ ಹುಚ್ಚು ಎಲ್ಲಿಯವರೆಗೆ ಹೋಯಿತು ಅಂದರೆ, ಕಾರವಾರದ ಬೈತಖೋಲದಿಂದ ಬಂದ ಮೀನು ಮಾರುವ ಅಕ್ಕ ಒಬ್ಬರನ್ನು ಹಿಡಿದು, ಗಂಡ ಕಡಲಿಗೆ ಹೋದಾಗ ರಾತ್ರಿ ನಿದ್ದೆ ಬರುತ್ತದಾ, ತೂಫಾನಿನಲ್ಲಿ ಸಿಕ್ಕಿದ್ದು ಹೇಳಿ, ಸ್ವಲ್ಪ ಎಮೋಷನಲ್ ಆಗಿ ಹೇಳಿ ಅಂತ ಕೂತರು. ಅವರ ಗಂಡ ಟೆಂಪೋ ಓಡಿಸುವವರು. ಆ ಹೊತ್ತಿಗೆ ಅದೇ ತಾಡಪತ್ರಿ ಕೆಳಗೆ ಚಹಾ ಕುಡಿಯುತ್ತಾ ನಿಂತಿದ್ದರು. ಅಕ್ಕ ಹೊರಗೆ ಬಂದು ಇದನ್ನು ಹೇಳಿದಾಗ ನಾವೆಲ್ಲ ನಕ್ಕೆವು. ನಗು ನಿಂತ ಮೇಲೆ ಅವರ ಮುಖ ಸಣ್ಣದಾಗಿತ್ತು. ಬಂಗಡೆ ಸಾರಿಗೆ ಜುಮ್ಮನಕಾಯಿ ಅನ್ನುವ ಮಸಾಲೆ ಕಾಯಿ ಹಾಕುವ ಹದದ ಬಗ್ಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದರಂತೆ. ಆ ಮಾತು ಬರಲೇ ಇಲ್ಲ.

ಜೋಯಿಡಾದ ಕುಣಬಿ ಹೆಂಗಸು ಒಬ್ಬರು ಮುಡ್ಲಿ, ಕೋನ ಅಂತ ಗೆಡ್ಡೆಗಳನ್ನು ಬುಟ್ಟಿಯಲ್ಲಿ ತಂದಿದ್ದರು. ಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ಯಾವುದನ್ನು ಸುಟ್ಟು ತಿನ್ನಬೇಕು, ಯಾವುದಕ್ಕೆ ಹುಳಿ ಬೇಕೇ ಬೇಕು ಅಂತ ಒಂದೊಂದನ್ನೂ ಎತ್ತಿ ತೋರಿಸಿದರು. ಅವರ ಬುಟ್ಟಿಯ ಫೋಟೋ ಮಾತ್ರ ನಿಮ್ಮ ಪ್ರೋಮೋದಲ್ಲಿ ಬಂತು.

ನಾನು ಟಿವಿ ವಿರೋಧಿ ಅಲ್ಲ ಮಾರಾಯ್ರೆ. ಖಾನಾವಳಿಯ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಓಡುತ್ತಲೇ ಇರುತ್ತದೆ. ಹೀಗೆ ಸ್ಪರ್ಧೆ ಇಟ್ಟು ನಿರೂಪಕರನ್ನು ಹುಡುಕುವುದೂ ಹೊಸತಲ್ಲ. ಅಮೆರಿಕದ ಫುಡ್ ನೆಟ್‌ವರ್ಕ್ ವಾಹಿನಿ 2005ರಲ್ಲೇ ಶುರು ಮಾಡಿತ್ತು. ಗೆದ್ದವರಿಗೆ ಅದೇ ವಾಹಿನಿಯಲ್ಲಿ ಸ್ವಂತ ಕಾರ್ಯಕ್ರಮ. 2006ರಲ್ಲಿ ಎರಡನೇ ಸರಣಿ ಗೆದ್ದ ಗೈ ಫಿಯೆರಿ ಆಮೇಲೆ ಆ ವಾಹಿನಿಯ ದೊಡ್ಡ ಹೆಸರಾದರು. ಅವರು ಬಣ್ಣದ ಮನುಷ್ಯ, ಕೂದಲು, ಕನ್ನಡಕ ಎಲ್ಲ ಜೋರು. ಆದರೆ ಸ್ಪರ್ಧೆಗೆ ಬರುವ ಮೊದಲೇ ಹೋಟೆಲು ನಡೆಸುತ್ತಿದ್ದವರು. ಒಲೆ ಮುಂದೆ ಬೆವರು ಸುರಿಸಿ ಗೊತ್ತಿತ್ತು. ನಮ್ಮಲ್ಲೂ 2010ರಲ್ಲಿ ಬಂದ ಮಾಸ್ಟರ್‌ಶೆಫ್ ಇಂಡಿಯಾದ ಮೊದಲ ಸರಣಿಯನ್ನು ಗೆದ್ದ ಪಂಕಜ್ ಭದೌರಿಯಾ ಶಾಲೆಯಲ್ಲಿ ಟೀಚರ್ ಆಗಿದ್ದವರು. ಆಮೇಲೆ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಸಿದರು. ಪಾಠ ಹೇಳಿ ರೂಢಿ ಇದ್ದವರಿಗೆ ಎಲ್ಲಿ ನಿಧಾನ ಮಾಡಬೇಕು, ಯಾವುದನ್ನು ಎರಡು ಸಲ ಹೇಳಬೇಕು ಅಂತ ಗೊತ್ತಿರುತ್ತದೆ. 1993ರಲ್ಲಿ ಟಿವಿಯಲ್ಲಿ ಖಾನಾ ಖಜಾನಾ ಅಡುಗೆ ಕಾರ್ಯಕ್ರಮ ಶುರುವಾದಾಗ ಹಿಂದಿ ಸರಿಯಾಗಿ ಬಾರದ ನನ್ನ ಅತ್ತಿಗೆ ಕೂಡ ಸಂಜೀವ್ ಕಪೂರ್ ಅವರನ್ನು ನೋಡಿ ಪನೀರ್ ಕಲಿತರು. ಅವರು ಅವಸರ ಮಾಡುತ್ತಿರಲಿಲ್ಲ, ಅಷ್ಟೇ. ಸಿಹಿಕಹಿ ಚಂದ್ರು ಅವರು ನಟರು, ನಗಿಸುವುದು ಅವರ ಕೆಲಸ. ಹಾಗಿದ್ದರೂ ಒಲೆಯ ಮುಂದೆ ನಿಂತರೆ ಪಾತ್ರೆಯ ಮೇಲೆ ಕಣ್ಣಿರುತ್ತದೆ.

‘ಫ್ರೆಶ್ ಫೇಸ್’ ಅಂದಿರಲ್ಲ, ಅದಕ್ಕೆ ಇನ್ನೊಂದು ಹೆಸರು ಹೇಳುತ್ತೇನೆ. ಜೂಲಿಯಾ ಚೈಲ್ಡ್. ಅಮೆರಿಕದ ಬಾಸ್ಟನ್ನಿನ ಸಾರ್ವಜನಿಕ ವಾಹಿನಿಯಲ್ಲಿ 1963ರಲ್ಲಿ ಅವರ ಕಾರ್ಯಕ್ರಮ ಶುರುವಾದಾಗ ಅವರಿಗೆ 50 ವರ್ಷ. ಆರಡಿಗೂ ಜಾಸ್ತಿ ಎತ್ತರ, ವಿಚಿತ್ರ ದನಿ. ಒಂದು ಕಂತಿನಲ್ಲಿ ಆಲೂಗಡ್ಡೆಯ ದೋಸೆಯಂಥದ್ದನ್ನು ಎತ್ತಿ ಮಗುಚಲು ಹೋದರು, ಅದು ಅರ್ಧ ಒಲೆಯ ಮೇಲೆ ಬಿತ್ತು. ಎತ್ತಿ ವಾಪಸ್ ಬಾಣಲೆಗೆ ಹಾಕಿ, ಮಗುಚುವಾಗ ಧೈರ್ಯ ಸಾಲಲಿಲ್ಲ ಅಂತ ವೀಕ್ಷಕರಿಗೇ ಹೇಳಿ ಮುಂದೆ ಹೋದರು. ನಮ್ಮ ಸಿದ್ದಾಪುರದ ಅಮ್ಮ ‘ಹೆದ್ರಡಿ’ ಅಂದದ್ದೂ ಇದೇ ಜಾತಿಯ ಮಾತು. ನಿಮ್ಮ ಆಯ್ಕೆಯಲ್ಲಿ ಜೂಲಿಯಾ ಚೈಲ್ಡ್ ಗೇಟಿನಲ್ಲೇ ವಾಪಸಾಗುತ್ತಿದ್ದರು.

ಇನ್ನು ಬೆಂಗಳೂರಿನ ಸುತ್ತು. ಅಲ್ಲಿ ನನ್ನ ಮುಂದೆ ಒಂದು ದೊಡ್ಡ ಇಸ್ವಾಣ ಮೀನು ಇಟ್ಟು, ಎದುರಿನ ಪರದೆಯಲ್ಲಿ ಬರುವ ಮಾತನ್ನು ಓದಿ ಅಂದರು. “ನಮ್ಮ ಕಾರವಾರದ ಕಡಲಿನಿಂದ ಈಗ ತಾನೇ ಬಲೆಗೆ ಬಿದ್ದ ತಾಜಾ ಇಸ್ವಾಣ” ಅಂತ ಇತ್ತು. ಅದು ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ. ಸಣ್ಣ ನಾಡದೋಣಿಯವರು ಕಡಲು ನೋಡಿಕೊಂಡು ದಡದ ಹತ್ತಿರ ಹೋಗುತ್ತಾರೆ ಅಷ್ಟೇ. ಆ ಎರಡು ತಿಂಗಳು ನಮ್ಮ ಮನೆಗಳಲ್ಲಿ ಒಣಮೀನು, ಒಣ ಸಿಗಡಿ ಚಟ್ನಿ, ಇಲ್ಲದಿದ್ದರೆ ಮೊಟ್ಟೆ. ಮೇಜಿನ ಮೇಲಿದ್ದ ಮೀನಿನ ಕಣ್ಣು ಬಿಳುಚಿ ಒಳಗೆ ಹೋಗಿತ್ತು, ಕಿವಿರು ಕಂದಾಗಿತ್ತು. ಐಸಿನಲ್ಲಿ ಎಷ್ಟು ದಿನ ಮಲಗಿತ್ತೋ. ಇದನ್ನು ತಾಜಾ ಅಂತ ನಾನು ಹೇಳುವುದಿಲ್ಲ, ಬೇಕಿದ್ದರೆ ಮಳೆಗಾಲದಲ್ಲಿ ನಾವು ಏನು ತಿನ್ನುತ್ತೇವೆ ಅಂತ ಹೇಳುತ್ತೇನೆ ಅಂದೆ. ನಿರ್ದೇಶಕರು “ಮೇಡಂ, ಯಾರಿಗೆ ಗೊತ್ತಾಗತ್ತೆ?” ಅಂದರು. ಕಾರವಾರದಿಂದ ಭಟ್ಕಳದವರೆಗೆ ಎಲ್ಲರಿಗೂ ಗೊತ್ತಾಗುತ್ತದೆ. ನಾಳೆ ನಮ್ಮ ಮೀನು ಮಾರ್ಕೆಟ್ಟಿಗೆ ಹೋದರೆ ನನ್ನನ್ನು ಯಾರಾದರೂ ಮಾತನಾಡಿಸುತ್ತಾರಾ? ಕಿವಿರು ಎತ್ತಿ ನೋಡುವುದನ್ನು ನನಗೆ ಕಲಿಸಿದವರೇ ಅಲ್ಲಿ ಕೂತಿರುತ್ತಾರೆ.

ಅಳತೆ ಹೇಳಲು ಹೋದರೆ ಬೋರ್ ಅಂದರು. ಒಲೆ ಹಚ್ಚಿರಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಬೇರೆಯವರು ಮಾಡಿಟ್ಟ ಸಾರನ್ನು ಸುಮ್ನೆ ಸೌಟಿನಿಂದ ತಿರುಗಿಸುತ್ತಾ ನಗಬೇಕು, ಅಷ್ಟೇ ನಮ್ಮ ಕೆಲಸ. ಸರಿ, ಟಿವಿಯಲ್ಲಿ ಸಮಯ ಸಾಲುವುದಿಲ್ಲ, ಕೆಲವನ್ನು ಮೊದಲೇ ಮಾಡಿಡಬೇಕು ಅನ್ನುವುದು ಅರ್ಥ ಆಗುತ್ತದೆ. ಅರ್ಥ ಆಗದೇ ಇದ್ದದ್ದು ಕಳಲೆಯ ವಿಷಯ. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ಯಲ್ಲಾಪುರ ಕಡೆಯ ಹುಡುಗಿಯೊಬ್ಬಳು ಕಳಲೆ ಪಲ್ಯ ಮಾಡಿ ತೋರಿಸಿದ್ದಳು. ಮಳೆ ಶುರುವಾದಾಗ ಬಿದಿರಿನ ಬುಡದಿಂದ ಏಳುವ ಮೊಳಕೆ ಅದು. ಹಸಿಯಾಗಿ ತಿನ್ನುವ ಹಾಗಿಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶ ಇರುತ್ತದೆ. ಅದಕ್ಕೇ ನಮ್ಮ ಹಿರಿಯರು ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿ ಅಡುಗೆಗೆ ಬಳಸುತ್ತಾರೆ. ಆ ಹುಡುಗಿ ಇದನ್ನೆಲ್ಲ ಬಿಡಿಸಿ ಹೇಳಿದ್ದಳು. ನಾನು ಅಲ್ಲೇ ಇದ್ದೆ, ಕಿವಿಯಾರೆ ಕೇಳಿದ್ದೇನೆ. ಪ್ರಸಾರವಾದ ಕಂತಿನಲ್ಲಿ ಆ ಭಾಗವೇ ಇಲ್ಲ. ಕಳಲೆ ಹೆಚ್ಚುವುದು ತೋರಿಸಿದಿರಿ, ಮರುಕ್ಷಣಕ್ಕೆ ಸಾಸಿವೆ ಸಿಡಿಯಿತು, ಪಲ್ಯ ತಯಾರು. ಉಳಿದ ಸಮಯಕ್ಕೆ ಆಕೆ ಅಪ್ಪನನ್ನು ನೆನೆದು ಅತ್ತದ್ದು, ತೀರ್ಪುಗಾರರು ಅಪ್ಪಿಕೊಂಡದ್ದು, ಹಿಂದೆ ವಯೊಲಿನ್.

ಕಂತು ಬಂದ ಮಾರನೇ ದಿನ ಹುಬ್ಬಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಸೊಸೆ ಫೋನ್ ಮಾಡಿದಳು. ಮಾರ್ಕೆಟ್ಟಿನಲ್ಲಿ ಕಳಲೆ ಸಿಕ್ಕಿತು, ಟಿವಿಯಲ್ಲಿ ನೋಡಿದ ಹಾಗೆ ಹೆಚ್ಚಿ ಒಗ್ಗರಣೆಗೆ ಹಾಕಲಾ ಅಂತ. ಅವಳು ಫೋನ್ ಮಾಡಿದಳು, ಸರಿ. ಮಾಡದೇ ಇದ್ದವರು ಎಷ್ಟು ಜನ ಇರಬಹುದು? ಕೆಸುವಿನ ಎಲೆಗೆ ಹುಳಿ ಹಾಕಿ ಅನ್ನುವ ಒಂದು ಮಾತು ಕತ್ತರಿಸಿದರೆ ಗಂಟಲು ಕೆರೆಯುತ್ತದೆ, ಅಷ್ಟೇ. ಕಳಲೆಯಲ್ಲಿ ಹಾಗಲ್ಲ. ನೀವು ಕತ್ತರಿಸಿದ್ದು ಅಲಂಕಾರದ ಮಾತನ್ನಲ್ಲ. ನಿರೂಪಕಿಯ ಕೆಲಸ ಅಂದರೆ ಆ ಮಾತೇ. ಅದನ್ನು ಸರಿಯಾಗಿ ಹೇಳಿದವಳನ್ನು ಮುಂದಿನ ಕಂತಿನಲ್ಲಿ ಹೊರಗೆ ಹಾಕಿದಿರಿ. ‘ಪರ್ಸನಾಲಿಟಿ ಇನ್ನೂ ಓಪನ್ ಆಗಬೇಕು’ ಅಂತ ಕಾರಣ.

ಮತ್ತೆ ಒಪ್ಪಂದದ ಕಾಗದ. ಸ್ಟುಡಿಯೋಗೆ ಬಂದ ರಾತ್ರಿ ನಮ್ಮ ಕೈಗೆ ಒಂದು ಕಟ್ಟು ಕೊಟ್ಟು ಬೆಳಗ್ಗೆಯೊಳಗೆ ಸಹಿ ಮಾಡಿ ಅಂದರು. ಪೂರ್ತಿ ಇಂಗ್ಲಿಷು. ಕನ್ನಡ ವಾಹಿನಿ, ಕನ್ನಡದ ಕಾರ್ಯಕ್ರಮ, ಕನ್ನಡ ಮಾತಾಡುವವರನ್ನೇ ಹುಡುಕುತ್ತಿದ್ದೀರಿ, ಕಾಗದ ಮಾತ್ರ ಇಂಗ್ಲಿಷು. ನಾನು ಪುಟಗಳ ಫೋಟೋ ತೆಗೆದು ಮಗನಿಗೆ ಕಳಿಸಿದೆ. ಅವನು ಓದಿ ಹೇಳಿದ್ದು: ಇಲ್ಲಿ ತೋರಿಸಿದ ಅಡುಗೆ, ಹೇಳಿದ ಕಥೆ, ಮುಖ, ದನಿ ಎಲ್ಲ ವಾಹಿನಿಗೆ ಸೇರಿದ್ದು. ಸ್ಪರ್ಧೆಯಿಂದ ಯಾವಾಗ ಹೊರಬಿದ್ದರೂ ಎರಡು ವರ್ಷ ಬೇರೆ ಎಲ್ಲೂ, ಸ್ವಂತ ಯೂಟ್ಯೂಬಿನಲ್ಲಿ ಕೂಡ, ಅಡುಗೆಯ ವಿಡಿಯೋ ಹಾಕುವಂತಿಲ್ಲ. ಇಷ್ಟಕ್ಕೆ ಬದಲಾಗಿ ಸ್ಪರ್ಧಿಗೆ ಸಿಗುವುದು ಊಟ, ವಸತಿ. ದಿನದ ಕೂಲಿ ಅಂತ ಒಂದು ಸಾಲೂ ಇಲ್ಲ. ಖಾನಾವಳಿ ಮುಚ್ಚಿ ಬಂದವರಿಗೆ ಬಿಡಿ, ಬಸ್ ಚಾರ್ಜಿನ ಬಗ್ಗೆಯೂ ಇಲ್ಲ. ನಾನು ಸಹಿ ಮಾಡಲಿಲ್ಲ. ಅದಕ್ಕೇ ನನ್ನನ್ನು ಕಳಿಸಿದಿರಿ ಅಂತ ಹೇಳುವುದಿಲ್ಲ, ಅದಕ್ಕೆ ಪುರಾವೆ ಇಲ್ಲ. ಇಸ್ವಾಣದ ಗಲಾಟೆಯೂ ಇತ್ತಲ್ಲ.

ಸಹಿ ಮಾಡಿದವರ ಪಾಡು ನೋಡಿ. ಹೊನ್ನಾವರ ಕಡೆಯ ತಂಗಿಯೊಬ್ಬಳು ಸಣ್ಣ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಳು. ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿ ಇಟ್ಟು, ಮುರುಗಲ ಹಣ್ಣಿನ ಸಾರು, ಅಪ್ಪೆಹುಳಿ, ಹಲಸಿನ ಎಲೆಯ ಕೊಟ್ಟೆ ಕಡುಬು ಇಂಥವನ್ನು ಮಾಡಿ ತೋರಿಸುತ್ತಿದ್ದಳು. ತಿಂಗಳಿಗೆ ಗ್ಯಾಸ್ ಸಿಲಿಂಡರಿನ ದುಡ್ಡು ಹುಟ್ಟುತ್ತಿತ್ತಂತೆ. ನಿಮ್ಮ ಸ್ಟುಡಿಯೋದ ಮೊದಲ ಸುತ್ತಿನಲ್ಲೇ ಆಕೆ ಹೊರಗೆ. ಟಿವಿಯಲ್ಲಿ ಕಂಡದ್ದು ಬಾಗಿಲು ತೆರೆದು ಒಳಗೆ ಬಂದದ್ದು ಮಾತ್ರ. ಚಾನೆಲ್ ಮಾತ್ರ ಬಂದ್. ಈಗಾಗಲೇ ನಿರೂಪಕಿಯಾಗಿದ್ದವಳ ಬಾಯಿಯನ್ನು ನಿರೂಪಕಿಯರನ್ನು ಹುಡುಕುವ ಸ್ಪರ್ಧೆಯೇ ಮುಚ್ಚಿಸಿದೆ. ಇದು ನ್ಯಾಯವಾ?

ಬರೀ ದೂರು ಹೇಳಿ ಮುಗಿಸುವವಳಲ್ಲ ನಾನು. ನಿರೂಪಕಿಯನ್ನು ಪರೀಕ್ಷೆ ಮಾಡುವ ಒಂದು ದಾರಿಯನ್ನೂ ಹೇಳುತ್ತೇನೆ. ಸ್ಪರ್ಧಿಯನ್ನು ಕುರ್ಚಿಯ ಮೇಲೆ ಕೂರಿಸಿ. ಆಕೆ ಏನನ್ನೂ ಮುಟ್ಟಬಾರದು. ಆ ಅಡುಗೆಯನ್ನು ಜನ್ಮದಲ್ಲಿ ಮಾಡದವರೊಬ್ಬರನ್ನು ಒಲೆಯ ಮುಂದೆ ನಿಲ್ಲಿಸಿ. ಆಕೆ ಬಾಯಲ್ಲಿ ಹೇಳಬೇಕು, ಇವರು ಮಾಡಬೇಕು. ತೀರ್ಪುಗಾರರು ರುಚಿ ನೋಡಬೇಕಾದ್ದು ಆ ಪಾತ್ರೆಯದ್ದು. ನಮ್ಮ ಖಾನಾವಳಿಯಲ್ಲಿ ಒಂದು ಸಂಜೆ ನಾವು ಇದನ್ನು ಮಾಡಿಯೇ ನೋಡಿದೆವು. ಬೈತಖೋಲದ ಅಕ್ಕ ಮೀನಿನ ವ್ಯಾಪಾರಕ್ಕೆ ಅಂಕೋಲೆಗೆ ಬಂದವರು ಬೆಂಚಿನ ಮೇಲೆ ಕೂತರು. ಚಹಾ ಕುಡಿಯಲು ಬಂದಿದ್ದ ಕಾಲೇಜು ಹುಡುಗ ಒಬ್ಬ, ಮೂಲತಃ ಗದಗ ಕಡೆಯವನು, ಒಲೆಯ ಮುಂದೆ ನಿಂತ. ಮೀನು ಮುಟ್ಟುವುದಕ್ಕೇ ಹೆದರುತ್ತಿದ್ದ.

ಅಕ್ಕ ಶುರು ಮಾಡಿದ್ದು ಮಸಾಲೆಯಿಂದ ಅಲ್ಲ, ಚಾಕುವಿನಿಂದ. ತಲೆ ನಿನ್ನ ಎಡಕ್ಕೆ ಇರಲಿ ತಮ್ಮಾ, ಹೊಟ್ಟೆ ನಿನ್ನ ಕಡೆ ಇರಲಿ ಅಂದರು. ತೆಂಗಿನಕಾಯಿ, ಬ್ಯಾಡಗಿ ಮೆಣಸು, ಅರಿಶಿನ, ಹುಣಸೆಹಣ್ಣು ರುಬ್ಬಿಸಿದರು. ಎಷ್ಟು ನುಣ್ಣಗೆ ಅಂತ ಕೇಳಿದ. ಬೆರಳಲ್ಲಿ ತಿಕ್ಕಿ ನೋಡು, ಕಾಯಿ ಸಿಕ್ಕಬಾರದು ಅಂದರು. ಜುಮ್ಮನಕಾಯಿಯನ್ನು ಅವನು ಮಿಕ್ಸರಿಗೆ ಹಾಕಲು ಹೋದಾಗ ಬೆಂಚಿನಿಂದಲೇ ಕೂಗಿದರು. ಒಳಗಿನ ಕರಿ ಬೀಜ ತೆಗೆದು ಬಿಸಾಡು, ಅದು ಕಹಿ. ಸಿಪ್ಪೆಯನ್ನು ಮಾತ್ರ ಜಜ್ಜು, ರುಬ್ಬಬೇಡ. ಸಾರು ಕುದಿಯುವಾಗ ಹಾಕು. ಮೂಸಿ ನೋಡು, ಮೂಗಿನೊಳಗೆ ಜುಮ್ಮೆನ್ನಬೇಕು. ಮೀನು ಹಾಕಿದ ಮೇಲೆ ಸೌಟು ಹಾಕಲು ಬಿಡಲಿಲ್ಲ, ಪಾತ್ರೆಯ ಕಿವಿ ಹಿಡಿದು ಅಲ್ಲಾಡಿಸು ಅಂದರು. ಹುಡುಗ ಮಾಡಿದ. ಉಪ್ಪು ಒಂದು ಹರಳು ಕಮ್ಮಿಯಾಗಿತ್ತು, ಉಳಿದದ್ದು ನಮ್ಮ ಖಾನಾವಳಿಯ ಸಾರಿಗಿಂತ ಚೆನ್ನಾಗಿತ್ತು ಅಂತ ನನ್ನ ಯಜಮಾನರೇ ಹೇಳಿದರು. (ಅವರ ಜೊತೆ ಆ ಮಾತನ್ನು ಆಮೇಲೆ ಇತ್ಯರ್ಥ ಮಾಡಿಕೊಂಡೆ.) ಚಹಾಕ್ಕೆ ಬಂದವರೆಲ್ಲ ಎದ್ದು ಹೋಗದೆ ನಿಂತು ನೋಡಿದರು. ಟಿಆರ್‌ಪಿ ಅಂದರೆ ಅದೇ ಅಲ್ವಾ? ಯಾರನ್ನೂ ಅಳಿಸಬೇಕಾಗಲಿಲ್ಲ.

ಇಂಥ ನಿರೂಪಕಿ ಸಿಕ್ಕರೆ ಹೇಳಲು ಈ ಜಿಲ್ಲೆಯಲ್ಲಿ ವಿಷಯಕ್ಕೆ ಕೊರತೆಯಿಲ್ಲ. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಅಕ್ಕಿ ಇದೆ. ಸಾಣಿಕಟ್ಟೆಯ ಉಪ್ಪು ಇದೆ. 2023ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ನಮ್ಮ ಅಂಕೋಲೆಯ ಕರಿ ಇಷಾಡ ಮಾವು ಇದೆ. ನಿಮ್ಮ ಪ್ರೋಮೋದಲ್ಲಿ ಅದನ್ನು ಹಿಡಿದು ತೋರಿಸಿ ಆಪೂಸು ಅಂದಿರಿ. ಊರಿನವರು ನನ್ನನ್ನು ಕೇಳುತ್ತಿದ್ದಾರೆ.

ಇಷ್ಟೆಲ್ಲ ಬರೆದದ್ದು ನಿಮ್ಮಿಂದ ಕೆಲವು ಆಗಬೇಕು ಅಂತ. ಕಳಲೆಯ ಕಂತು ಇನ್ನೂ ನಿಮ್ಮ ಆ್ಯಪಿನಲ್ಲಿ ಓಡುತ್ತಿದೆ. ಮೊದಲು ಅದನ್ನು ತೆಗೆಯಿರಿ, ಇಲ್ಲವೇ ಆ ಹುಡುಗಿ ಹೇಳಿದ ಮಾತನ್ನು ವಾಪಸ್ ಸೇರಿಸಿ. ಇದಕ್ಕೆ ಸಭೆ ಗಿಭೆ ಬೇಡ, ಈ ವಾರವೇ 
ಆಗುವ ಕೆಲಸ. ಹಾಗೇ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಒಂದು ನಿಮಿಷ ತೆಗೆದುಕೊಂಡು, ಕಳಲೆಯನ್ನು ನೆನೆಸದೆ, ಬೇಯಿಸಿದ ನೀರು ಚೆಲ್ಲದೆ ತಿನ್ನಬೇಡಿ ಅಂತ ಹೇಳಿ. ಒಪ್ಪಂದದ ಕಾಗದವನ್ನು ಕನ್ನಡದಲ್ಲಿ ಮಾಡಿಸಿ, ಆಯ್ಕೆಯ ದಿನವೇ ಕೈಗೆ ಕೊಡಿ, ಮನೆಗೆ ಒಯ್ದು ಓದಲು ಬಿಡಿ. ಸ್ಟುಡಿಯೋದಲ್ಲಿ ಇದ್ದಷ್ಟು ದಿನಕ್ಕೆ ಕೂಲಿ ಕೊಡಿ. ಮುಂದಿನ ಸಲ ವಯಸ್ಸಿನ ಮಿತಿ ಇದ್ದರೆ ಮುಚ್ಚಿಡದೆ ಜಾಹೀರಾತಿನಲ್ಲೇ ಹಾಕಿ. ಯಾರೂ ಸುಮ್ನೆ ಘಟ್ಟ ಹತ್ತುವುದು ಬೇಡ.

ಹೊರಬಿದ್ದವರ ಯೂಟ್ಯೂಬ್ ಬಂಧನವನ್ನು ಬಿಡಿಸುವುದು ನಿಮ್ಮ ಒಂದು ಸಹಿಯಿಂದ ಆಗುತ್ತದೆ. ಹೊನ್ನಾವರದ ತಂಗಿ ನಿಮ್ಮ ಕಚೇರಿಗೆ ಫೋನ್ ಮಾಡಿ ಮಾಡಿ ಸುಸ್ತಾಗಿದ್ದಾಳೆ. ‘ಲೀಗಲ್‌ನವರನ್ನು ಕೇಳಿ ಹೇಳ್ತೀವಿ’ ಅನ್ನುವ ಉತ್ತರ ಬಿಟ್ಟು ಬೇರೆ ಬಂದಿಲ್ಲ. ಆಕೆಗೂ, ಆಕೆಯಂತೆ ಸಹಿ ಮಾಡಿ ಕೂತಿರುವ ಉಳಿದವರಿಗೂ ಮೊದಲು ಬಿಡುಗಡೆ ಪತ್ರ ಕಳಿಸಿ. ನನಗೆ ಉತ್ತರ ಬರೆಯುವುದು ಅದಾದ ಮೇಲೆ ಸಾಕು.

ಇತಿ,
ನಿಮ್ಮ ವಾಹಿನಿಯ ವೀಕ್ಷಕಿ, ಹಳೆಯ ಸ್ಪರ್ಧಿ,
ಅಂಕೋಲಾ, ಉತ್ತರ ಕನ್ನಡ